ಚರ್ಚಿನ ಬಾಗಿಲಲ್ಲಿ ಬಿಟ್ಟ ಶೂ

ತಪ್ಪು ನನ್ನದು. ಇದನ್ನು ಕೊನೆಗೆ ಹೇಳಿದರೆ ನೀವು ಅಷ್ಟು ಹೊತ್ತು ನನ್ನ ಪರ ವಹಿಸಿಕೊಂಡು ಓದಿ, ಆಮೇಲೆ ನನಗೂ ನಿಮಗೂ ಸೇರಿಸಿ ಬೈದುಕೊಳ್ಳುತ್ತೀರಿ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಒಂದು ಪುಟ್ಟ ಬಂದರಿನ ಊರಿನಲ್ಲಿ, ಚರ್ಚಿನ ಒಳಗೆ, ಸುಮಾರು ನಲವತ್ತು ಜನರ ಎದುರಿಗೆ, ಕುಂಟುವ ಒಬ್ಬ ಮನುಷ್ಯನ ನಡಿಗೆಯನ್ನು ನಾನು ಅಣಕಿಸಿ ತೋರಿಸಿದೆ. ಆ ಮನುಷ್ಯ ಅಲ್ಲೇ ಕೂತಿದ್ದ. ಅವನ ಕಾಲಲ್ಲಿ ನನ್ನ ಶೂ ಇತ್ತು. ಅವನು ಅದನ್ನು ಕದ್ದಿರಲಿಲ್ಲ. ನಾನೇ ಕೊಟ್ಟಿದ್ದೆ, ಕೊಟ್ಟಿದ್ದೇನೆಂದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಊರಿಗೆ ಬಂದ ಮೇಲೆ ನಮ್ಮ ಚರ್ಚಿನ ಕಮಿಟಿಗೆ ವರದಿ ಒಪ್ಪಿಸಿದೆ. ಆ ಊರಿನ ಚರ್ಚು ಚರ್ಚಿಗೆ ಬಾರದ ಜನರ ಜೊತೆ ಹೇಗೆ ಬೆರೆಯುತ್ತದೆ ಎಂದು ನೀಟಾಗಿ ಬರೆದಿದ್ದೆ. ಎಲ್ಲರೂ ತಲೆದೂಗಿದರು. ಶೂ ವಿಷಯ ಮಾತ್ರ ಅದರಲ್ಲಿ ಇರಲಿಲ್ಲ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಕಕ್ಕುತ್ತಿದ್ದೇನೆ. ಕೋಟೆ, ಸರೋವರ, ಕುರಿಮಂದೆ ಬೇಕಾದವರು ಬೇರೆ ಯಾರದಾದರೂ ಪ್ರವಾಸ ಓದಿಕೊಳ್ಳಿ. ನಾನು ಆ ದೇಶದಲ್ಲಿ ಹೆಚ್ಚಾಗಿ ನೋಡಿದ್ದು ನೆಲವನ್ನು.

ಉಪ್ಪಾರಹಳ್ಳಿ

ನನ್ನ ಹೆಸರು ಜೀವನ್. ಮನೆ ತುಮಕೂರಿನ ಉಪ್ಪಾರಹಳ್ಳಿ. ಹಗಲು ಬಟವಾಡಿಯ ಮೊಬೈಲ್ ಅಂಗಡಿಯಲ್ಲಿ ಕೆಲಸ, ಉಳಿದಂತೆ ಮಿಮಿಕ್ರಿ. ಗುಬ್ಬಿಯಿಂದ ಕುಣಿಗಲ್‌ವರೆಗೆ ಎಲ್ಲಿ ರಾಜ್ಯೋತ್ಸವದ ಶಾಮಿಯಾನ ಎದ್ದರೂ ಅಲ್ಲಿ ನಾನು ಒಂದು ಮೈಕು ಹಿಡಿದು ನಿಂತಿರುತ್ತೇನೆ. ಬಸ್ ಕಂಡಕ್ಟರು, ಕುಕ್ಕರ್ ವಿಷಲ್ಲು, ಫೋನಿನಲ್ಲಿ ಸಾಲ ಬೇಕಾ ಸಾರ್ ಎನ್ನುವ ಹುಡುಗಿ, ನಮ್ಮಪ್ಪನ ಗೊರಕೆ, ಎಲ್ಲವೂ ಬರುತ್ತವೆ. ಒಂದು ಸಲ ನೋಡಿದರೆ ಸಾಕು, ಮನುಷ್ಯ ನನ್ನ ಜೇಬಿನಲ್ಲಿ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನನ್ನ ಮುಖಕ್ಕೆ ಎಸೆಯಲು ಬೇಕಾಗುತ್ತದೆ.

ನಮ್ಮ ಚರ್ಚು ಬಟವಾಡಿಯ ಕಡೆ ಇದೆ. ಭಾನುವಾರ ಎರಡು ಗಂಟೆ ಹೊತ್ತು ಗೇಟು ತೆಗೆದಿರುತ್ತದೆ. ವಾರದ ಉಳಿದ ದಿನ ಬೀಗ. ಪಕ್ಕದ ಸ್ಟ್ಯಾಂಡಿನಲ್ಲಿ ಹತ್ತು ವರ್ಷದಿಂದ ಆಟೋ ನಿಲ್ಲಿಸುವ ಒಬ್ಬರು ಒಮ್ಮೆ ನನ್ನನ್ನು, ಅದೇನ್ ಸಾರ್, ಕೆಇಬಿ ಗೋಡೌನಾ ಎಂದು ಕೇಳಿದ್ದರು. ಕಳೆದ ವರ್ಷ ಬೀದಿಯ ಹುಡುಗರು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಚರ್ಚಿನ ಹಾಲ್ ಕೇಳಿದಾಗ ಕಮಿಟಿಯಲ್ಲಿ ಮಾತು ಬೆಳೆಯಿತು. ಕೊಡೋಣ ಎಂದವರು ಅಯ್ಯನವರು. ಪಾದ್ರಿಯನ್ನು ನಾವು ಹಾಗೆ ಕರೆಯುವುದು. ಅವರು ಕುಣಿಗಲ್ ಕಡೆಯವರು, ನಿಧಾನಸ್ಥರು, ಭಾನುವಾರದ ಪ್ರಸಂಗದಲ್ಲಿ ಮೂರು ಮಾತಿಗೊಮ್ಮೆ ಕನ್ನಡಕ ಒರೆಸುತ್ತಾರೆ. ಅವರನ್ನು ನಾನು ಅವರ ಮನೆಯಲ್ಲೇ ಅಣಕಿಸಿ ಕಾಫಿ ಕುಡಿದು ಬಂದಿದ್ದೇನೆ. ಬೇಡ ಎಂದವರಲ್ಲಿ ಮುಂದಾಳು ಗುಬ್ಬಿಯ ಸುಗುಣಾ ಟೀಚರ್, ನಿವೃತ್ತ ಹೆಡ್ಮಿಸ್ಸು. ಹೊರಗಿನವರು ಬಂದರೆ ಗಲೀಜಾಗುತ್ತದೆ, ಮೇಲಾಗಿ ಚರ್ಚು ಅಂದರೆ ಏನು ಕಲ್ಯಾಣ ಮಂಟಪವೇ ಎಂಬುದು ಅವರ ವಾದ.

ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಒಂದು ಚರ್ಚಿನ ಸಭೆಯಿಂದ ಕಾಗದ ಬಂತು. ನಮ್ಮಲ್ಲಿಗೆ ಇಬ್ಬರನ್ನು ಕಳಿಸಿ, ನಾವು ಊರಿನ ಜೊತೆ ಹೇಗೆ ಬದುಕುತ್ತಿದ್ದೇವೆ ನೋಡಿಕೊಂಡು ಹೋಗಲಿ ಎಂದು. ಅಯ್ಯನವರು ಕನ್ನಡಕ ಒರೆಸಿ, ಬೇಡ ಅನ್ನುವವರೊಬ್ಬರು, ಬೇಕು ಅನ್ನುವವನೊಬ್ಬ ಹೋಗಿ ಬರಲಿ ಎಂದು ಸುಗುಣಾ ಟೀಚರನ್ನೂ ನನ್ನನ್ನೂ ಆರಿಸಿದರು. ನಾನು ಬೇಕು ಎಂದದ್ದು ಆ ಹಾಲ್‌ನಲ್ಲಿ ಕಾರ್ಯಕ್ರಮ ಕೊಡುವ ಆಸೆಗೆ. ಅಯ್ಯನವರು ಅದನ್ನು ದೂರದೃಷ್ಟಿ ಎಂದು ತಿಳಿದರು.

ಶಿರಾ ಗೇಟ್

ಶೂ ಕೊಂಡದ್ದು ಶಿರಾ ಗೇಟಿನಲ್ಲಿ. ನಮ್ಮಮ್ಮ ಜೊತೆಗೆ ಬಂದಿದ್ದಳು. ಅಂಗಡಿಯವನು, ಅದು ಚಳಿ ದೇಶ, ಎರಡು ಜೊತೆ ಕಾಲುಚೀಲ ಹಾಕಬೇಕಾಗುತ್ತದೆ ಎಂದು ಹೆದರಿಸಿ ಒಂದು ನಂಬರು ದೊಡ್ಡದನ್ನೇ ಕೊಟ್ಟ. ತಾಮ್ರದ ಬಣ್ಣದ, ದಪ್ಪ ಅಡಿಯ, ಒಳಗೆ ಬೆಚ್ಚನೆಯ ಬಟ್ಟೆ ಹೊಲಿದ ಶೂ. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯದನ್ನು ಕಾಲಿಗೆ ಹಾಕಿರಲಿಲ್ಲ. ತಲೆಗೂ ಹಾಕಿರಲಿಲ್ಲ.

ಮನೆಗೆ ಬಂದು ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಕಂದು ಲೇಸು ಕಿತ್ತು ಅರಿಶಿನದಂಥ ಹಳದಿ ಲೇಸು ಪೋಣಿಸಿದ್ದು. ನಮ್ಮಲ್ಲಿ ಚರ್ಚಿಗೆ ಹೋದರೆ ಚಪ್ಪಲಿ ಬಾಗಿಲ ಹೊರಗೆ ಬಿಡುತ್ತೇವೆ. ದೇವಸ್ಥಾನದವರು ಬಿಡುತ್ತಾರೆ, ಮಸೀದಿಯವರು ಬಿಡುತ್ತಾರೆ, ನಾವೇನು ಆಕಾಶದಿಂದ ಇಳಿದವರೇ. ಆದರೆ ಪ್ರಾರ್ಥನೆ ಮುಗಿದ ಮೇಲೆ ಹಳೆಯದನ್ನು ಬಿಟ್ಟವರು ಹೊಸದನ್ನು ಮೆಟ್ಟಿಕೊಂಡು ಹೋಗುವುದು ಎಲ್ಲ ಮತಗಳಲ್ಲೂ ಇರುವ ಪದ್ಧತಿ. ಅದಕ್ಕೇ ಗುರುತು. ಅಮ್ಮ ಲೇಸಿನ ತುದಿಗೊಂದು ಗಂಟು ಬಿಗಿಯುತ್ತಾ ಹೇಳಿದಳು, “ಅಲ್ಲೂ ಚರ್ಚಿಗೇ ತಾನೇ ಹೋಯ್ತಿರೋದು? ಹಳದಿ ನೋಡ್ಕೊಂಡು ಹಾಕ್ಕಳಪ್ಪ. ಯಾರದ್ದೋ ಹಾಕ್ಕೊಂಡು ಬಂದು ಮಾನ ಕಳೀಬೇಡ.”

ಮಾನ ಕಳೆಯಲು ನನಗೆ ಬೇರೆಯವರ ಶೂ ಬೇಕಾಗಲಿಲ್ಲ.

ಬುಧವಾರ

ಬಸ್ಸಿನಿಂದ ಇಳಿದಾಗ ತುಂತುರು ಮಳೆ, ಮೀನಿನ ವಾಸನೆ, ಬೂದಿ ಬಣ್ಣದ ಮನೆಗಳು. ಆ ಊರಿನವರು ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಕುಣಿಗಲ್ ಬಸ್ಸಿನಲ್ಲಿ ನಾನು ಹಾಗೆ ಹೇಳಿದರೆ ಕಂಡಕ್ಟರು ಟಿಕೆಟ್ ತೆಗೆದಿದ್ದೀಯೇನಯ್ಯ ಎಂದು ಅನುಮಾನ ಪಡುತ್ತಾನೆ. ಇನ್ನೊಂದು ಮಾತು. ಅವರ ಇಂಗ್ಲಿಷು ನಮ್ಮ ಶಾಲೆಯಲ್ಲಿ ಕಲಿಸಿದ ಇಂಗ್ಲಿಷಲ್ಲ. ಕೊನೆಯ ಅಕ್ಷರ ನುಂಗುತ್ತಾರೆ, ನಡುವಿನದನ್ನು ಎಳೆಯುತ್ತಾರೆ, ಗೌರವಕ್ಕೂ ಬೈಗುಳಕ್ಕೂ ಒಂದೇ ರಾಗ. ಇಂಗ್ಲಿಷಿನ ಕುಣಿಗಲ್ ಅದು. ಹೀಗಾಗಿ ಅವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ಅದೇ ಪ್ರಾಮಾಣಿಕವೆನಿಸುತ್ತದೆ.

ನಮ್ಮನ್ನು ಕರೆದುಕೊಳ್ಳಲು ಬಂದವರು ಮೊಯ್ರಾ. ಎಪ್ಪತ್ತು ದಾಟಿದ ಹೆಂಗಸು, ಹಿಂದೆ ಮೀನು ಸೀಳುವ ಕಾರ್ಖಾನೆಯಲ್ಲಿ ಇದ್ದವರು, ಕುಳ್ಳಗೆ, ಅಂಗೈ ಮಾತ್ರ ಮೊರದಷ್ಟು. ಆ ಚರ್ಚಿನ ಪಾದ್ರಿಗೆ ನಾಲ್ಕು ಊರಿನ ಜವಾಬ್ದಾರಿ, ಉಳಿದದ್ದೆಲ್ಲ ಮೊಯ್ರಾ. ನಮ್ಮ ವಸತಿಯೂ ಅವರ ಮನೆಯಲ್ಲೇ. ಸೀದಾ ಚರ್ಚಿಗೆ ಕರೆದುಕೊಂಡು ಹೋದರು.

ಕಲ್ಲಿನ ದೊಡ್ಡ ಕಟ್ಟಡ. ಬಾಗಿಲಿಗೆ ಮೊದಲು ಒಂದು ಮುಖಮಂಟಪ, ಅದರ ಗೋಡೆಗೆ ಉದ್ದಕ್ಕೂ ಮರದ ಹಲಗೆ. ಹಲಗೆಯ ಮೇಲೆ ಸ್ವೆಟರು, ಪುಸ್ತಕ, ಡಬ್ಬಿ ಊಟ. ಕೆಳಗಿನ ಸಾಲಿನಲ್ಲಿ ಶೂ. ಐದಾರು ಜೊತೆ ಸಾಲಾಗಿ ಇಟ್ಟಿದ್ದವು. ನನಗೆ ಎದೆ ತುಂಬಿ ಬಂತು. ನೋಡಿ ಟೀಚರ್, ಇವರೂ ಚಪ್ಪಲಿ ಹೊರಗೇ ಬಿಡುತ್ತಾರೆ ಎಂದೆ. ಮೇಲೆ ಅಂಟಿಸಿದ್ದ ಚೀಟಿಯನ್ನು ಓದುವ ತಾಳ್ಮೆ ಇರಲಿಲ್ಲ. ಶೂ ಬಿಚ್ಚಿ, ಹಳದಿ ಲೇಸು ಕಾಣುವಂತೆ ಸಾಲಿನಲ್ಲಿ ಜೋಡಿಸಿಟ್ಟು ಒಳಗೆ ಹೋದೆ. ಸುಗುಣಾ ಟೀಚರ್ ತಮ್ಮದನ್ನು ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿಕೊಂಡರು. ಗುಬ್ಬಿಯ ಒಂದು ಮದುವೆಯಲ್ಲಿ ಹೊಸ ಚಪ್ಪಲಿ ಕಳೆದುಕೊಂಡಂದಿನಿಂದ ಅವರು ಸ್ವರ್ಗದ ಬಾಗಿಲಲ್ಲೂ ಹಾಗೇ ಮಾಡುವವರು.

ಒಳಗೆ ಅರ್ಧ ಬೆಂಚುಗಳೇ ಇರಲಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಜನ ಮುದುಕರು ಕೆಟ್ಟ ಮಿಕ್ಸಿ, ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ಊರಿನವರು ತಂದು ಕೊಡುತ್ತಾರೆ, ಇವರು ರಿಪೇರಿ ಮಾಡುತ್ತಾರೆ. ಇನ್ನೊಂದು ಕಡೆ ಎಳೆ ಮಕ್ಕಳ ತಾಯಂದಿರು. ಪ್ರಸಂಗ ಪೀಠದ ಕೆಳಗೆ ಹತ್ತು ಜನ ಹಾಡು ಕಲಿಯುತ್ತಿದ್ದರು. ಭಕ್ತಿಗೀತೆಯಲ್ಲ, ದೋಣಿಯವರ ಹಾಡು. ನೀವು ಈ ಚರ್ಚಿನವರಾ ಎಂದು ಒಬ್ಬ ದಾಡಿಯವನನ್ನು ಕೇಳಿದೆ. ಅಯ್ಯೋ ಇಲ್ಲಪ್ಪ, ನನಗೆ ದೇವರಲ್ಲಿ ನಂಬಿಕೆ ಇಲ್ಲ, ಬುಧವಾರದಲ್ಲಿ ಇದೆ ಎಂದ.

ಟೀಚರಿಗೆ ತಡೆಯಲಾಗಲಿಲ್ಲ. ಬಂದು ಎರಡು ಗಂಟೆ ಕಳೆದರೂ ಇಲ್ಲಿ ಒಬ್ಬರೂ ದೇವರ ಹೆಸರು ಎತ್ತಲಿಲ್ಲ, ಒಂದು ಪ್ರಾರ್ಥನೆ ಇಲ್ಲ, ಬಂದವರನ್ನು ಯಾರು ಏನು ಎಂದು ವಿಚಾರಿಸುವವರೂ ಇಲ್ಲ, ಇದೆಂಥ ಸಭೆ ಎಂದು ಮೊಯ್ರಾರನ್ನು ಕನ್ನಡದಲ್ಲೇ ಕೇಳಿಯೇಬಿಟ್ಟರು. ನಾನು ಅನುವಾದಿಸಿದೆ, ಸ್ವಲ್ಪ ಸಕ್ಕರೆ ಹಾಕಿ.

ಮೊಯ್ರಾ ಕೆಟಲ್ಲು ಇಳಿಸುತ್ತಾ ಹೇಳಿದರು, “ಬಾಗ್ಲಲ್ಲೇ ಯಾರು ನೀನು ಅಂತ ಕೇಳುದ್ರೆ ಮನ್ಸ ಬಾಗ್ಲಿಂದಾನೇ ವಾಪಸ್ ಹೋಯ್ತಾನೆ ಕಣವ್ವ. ದೇವ್ರು ಎಲ್ಲಿಗೂ ಹೋಗಲ್ಲ. ಟೀ ಕುಡಿ.”

ಟೀಚರ್ ಟೀ ಕುಡಿದರು, ಒಪ್ಪಲಿಲ್ಲ. ನನಗೆ ಮಾತ್ರ ತಲೆಯಲ್ಲೊಂದು ಬಲ್ಬು ಹೊತ್ತಿತು. ನಮ್ಮೂರಿನ ಮಠದಲ್ಲಿ ದಾಸೋಹಕ್ಕೆ ಕೂತವರನ್ನು ಯಾರೂ ನೀನು ಯಾರವನು ಎಂದು ಕೇಳುವುದಿಲ್ಲ. ನಾನೇ ಎಷ್ಟು ಸಲ ಅಲ್ಲಿ ಮುದ್ದೆ ಉಂಡು, ಕೈ ತೊಳೆದು, ಒಳಗೂ ಹೋಗದೆ ಬಂದಿದ್ದೇನೆ. ಇದನ್ನು ಕಲಿಯಲು ವಿಮಾನ ಹತ್ತಬೇಕಿರಲಿಲ್ಲ; ಮಠದಿಂದ ಸಿಟಿ ಬಸ್ಸು ಹತ್ತಿ ಬಂದ ಮೇಲೆ ನಮ್ಮ ಗೇಟಿನ ಬೀಗ ನೋಡಿಕೊಂಡಿದ್ದರೆ ಸಾಕಿತ್ತು.

ಇಷ್ಟು ಒಳ್ಳೆಯ ಯೋಚನೆ ಹೊತ್ತುಕೊಂಡು ಹೊರಗೆ ಬಂದರೆ ಶೂ ಇರಲಿಲ್ಲ.

ಕಳ್ಳತನ, ಕಳ್ಳತನ ಎಂದು ನಾನು ಕಾಲುಚೀಲದಲ್ಲೇ ಮಂಟಪದ ತುಂಬ ಕುಣಿದೆ. ಟೀಚರ್ ಬ್ಯಾಗಿನಿಂದ ತಮ್ಮ ಶೂ ಗಂಭೀರವಾಗಿ ತೆಗೆದು ಹಾಕಿಕೊಳ್ಳುತ್ತಾ ಅಂದರು, “ದೇವಸ್ಥಾನದ ಮುಂದೆ ಚಪ್ಲಿ ಹೋದ್ರೆ ಪೀಡೆ ತೊಲಗ್ತು ಅಂತಾರೆ. ಚರ್ಚ್ ಮುಂದೆ ಹೋದ್ರೆ ಏನಂತಾರೋ ನಂಗೊತ್ತಿಲ್ಲ ಕಣೋ.” ಮೊಯ್ರಾ ಬಂದು ಕೆಳಗಿನ ಸಾಲನ್ನು, ನನ್ನ ಕಾಲನ್ನು, ಮತ್ತೆ ಸಾಲನ್ನು ನೋಡಿದರು. ಆಮೇಲೆ ಮೇಲಿನ ಚೀಟಿಯ ಕಡೆ ಬೆರಳು ತೋರಿಸಿದರು. ಬೇಕಾದವರು ತೆಗೆದುಕೊಳ್ಳಿ, ಬೇಡವಾದದ್ದು ಇಡಿ, ಯಾರನ್ನೂ ಕೇಳಬೇಡಿ ಎಂದಿತ್ತು.

ನೀರು ಹರಿಯುವ ಬೀದಿಯಲ್ಲಿ ಎರಡು ಜೊತೆ ಕಾಲುಚೀಲದಲ್ಲಿ ಮನೆಗೆ ನಡೆದೆ. ಎದುರಿಗೆ ಬಂದವರೆಲ್ಲ ಹವಾಮಾನದ ಬಗ್ಗೆ ಮಾತಾಡಿದರೇ ಹೊರತು ನನ್ನ ಕಾಲು ನೋಡಲಿಲ್ಲ. ನಮ್ಮ ಬಟವಾಡಿಯಾಗಿದ್ದರೆ ಇಷ್ಟು ಹೊತ್ತಿಗೆ ಎಂಟು ಜನ ವಿಚಾರಣೆ ಮುಗಿಸಿ ಒಬ್ಬ ವಿಡಿಯೋ ಮಾಡಿರುತ್ತಿದ್ದ. ಮನೆಯಲ್ಲಿ ಮೊಯ್ರಾ ತಮ್ಮ ತೀರಿಹೋದ ಗಂಡನ ರಬ್ಬರ್ ಬೂಟು ಕೊಟ್ಟರು. ಮೊಣಕಾಲವರೆಗೆ ಬರುವಂಥದ್ದು, ನಡೆದರೆ ಒಳಗೆ ಪಚಕ್ ಪಚಕ್. ನಾನು ನಗಿಸಲು ಅದರ ಸದ್ದನ್ನೇ ಬಾಯಲ್ಲಿ ಮಾಡಿ ತೋರಿಸಿದೆ. ಒಳಗೆ ಮಾತ್ರ ಕುದಿಯುತ್ತಿದ್ದೆ.

ಶುಕ್ರವಾರ

ಶುಕ್ರವಾರ ಮಧ್ಯಾಹ್ನ ಚರ್ಚಿನಲ್ಲಿ ಸೂಪು. ಯಾರು ಬೇಕಾದರೂ ಬರಬಹುದು. ಬ್ಯಾಂಕಿನವನೂ ಬರುತ್ತಾನೆ, ಬೀದಿಯಲ್ಲಿ ಮಲಗುವವನೂ ಬರುತ್ತಾನೆ, ಒಂದೇ ಮೇಜು. ತರಕಾರಿ ಹೆಚ್ಚುವಾಗ ಮೊಯ್ರಾ ನಮ್ಮಿಬ್ಬರಿಗೂ ಒಂದು ಎಚ್ಚರಿಕೆ ಕೊಟ್ಟರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಡೂಗಿ ಎಂಬವನು ಬಂದು ಕೂರುತ್ತಾನೆ. ಹಿಂದೆ ಮೀನಿನ ದೋಣಿಯಲ್ಲಿದ್ದವನು. ಯಾವುದೋ ಅಪಘಾತದಲ್ಲಿ ಒಂದು ಕಾಲಿನ ಶಕ್ತಿ ಹೋಯಿತು, ಆಮೇಲೆ ಒಂದೊಂದಾಗಿ ಎಲ್ಲವೂ ಹೋಯಿತು. ಹೋದ ಚಳಿಗಾಲವೆಲ್ಲ ಒಳಗೆ ಬರದೆ ಮಂಟಪದಲ್ಲೇ ನಿಂತು ಸೂಪು ಕುಡಿದು ಹೋಗುತ್ತಿದ್ದ. ಒಳಗೆ ಬಂದು ಕೂರಲು ಶುರುಮಾಡಿ ಮೂರೇ ಶುಕ್ರವಾರ ಆಗಿದೆ. ಅವನನ್ನು ಮಾತಾಡಿಸಬೇಡಿ, ನಗಬೇಡಿ, ಸ್ವಾಗತ ಮಾಡಬೇಡಿ. ಬಟ್ಟಲು ಇಟ್ಟು ಬನ್ನಿ ಎಂದರು.

“ಅವನು ಒಂದ್ಸಲ ಎದ್ದೋದ್ರೆ ಮತ್ತೆ ಬರಲ್ಲ. ನಂಗೊತ್ತು ಅವನು,” ಎಂದರು. ಅವರು ಅಷ್ಟು ಗಟ್ಟಿಯಾಗಿ ಬೇರೇನನ್ನೂ ಹೇಳಿದ್ದು ನನಗೆ ನೆನಪಿಲ್ಲ.

ಒಂದು ಗಂಟೆಗೆ ಅವನು ಬಂದ. ಐವತ್ತರ ಆಸುಪಾಸು, ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೊಂಡು, ಒಂದು ಕಾಲು ಎಳೆಯುತ್ತಾ. ಕುರ್ಚಿಯ ತುದಿಯಲ್ಲಿ ಕೂತ, ಬಸ್ಸಿಗೆ ಕಾಯುವವನ ಹಾಗೆ. ಬಟ್ಟಲು ಇಡಲು ಬಗ್ಗಿದವನಿಗೆ ಮೇಜಿನ ಕೆಳಗೆ ಹಳದಿ ಲೇಸು ಕಾಣಿಸಿತು. ನಮ್ಮಮ್ಮ ತುದಿಗೆ ಹಾಕಿದ ಗಂಟು ಕೂಡ ಹಾಗೇ ಇತ್ತು.

ಅಡುಗೆ ಕೋಣೆಗೆ ಬಂದು ಟೀಚರ ಕಿವಿಯಲ್ಲಿ ಹೇಳಿದೆ. ಅವರು ಕ್ಯಾರೆಟ್ಟಿನಿಂದ ಕಣ್ಣೆತ್ತದೆ, “ಬುಡು,” ಎಂದರು. ಹೆಡ್ಮಿಸ್ಸು ಬುಡು ಎಂದದ್ದನ್ನು ನಾನು ಅಂದೇ ಕೇಳಿದ್ದು. ಬಿಟ್ಟೆ ಎಂದೆ. ಬಿಟ್ಟಿರಲಿಲ್ಲ. ಊರಿಗೆ ಹೋಗಿ ಅಮ್ಮನಿಗೆ ಏನು ಹೇಳಲಿ ಎಂಬ ನೆಪ ಹಿಡಿದು, ಅಷ್ಟು ಚೆಂದದ ಶೂ ನನ್ನ ಕಾಲಲ್ಲಿಲ್ಲ ಎಂಬ ಉರಿಯನ್ನು ಸಾಕಿಕೊಂಡೆ.

ಶನಿವಾರ

ಶನಿವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನಲ್ಲಿ ಊರಿನವರ ಹಾಡು ಹರಟೆ. ಯಾರಿಗೆ ಏನು ಬರುತ್ತದೋ ಅದನ್ನು ಎದ್ದು ನಿಂತು ಮಾಡುವುದು. ಪೋಸ್ಟ್‌ಮನ್ನು ಪಿಟೀಲು ಬಾರಿಸಿದ. ಒಬ್ಬಾಕೆ ತನ್ನ ನಾಯಿಯ ಬಗ್ಗೆ ಪದ್ಯ ಓದಿದಳು, ನಾಯಿಯೂ ಬಂದಿತ್ತು. ರಿಪೇರಿಯ ಮುದುಕರು ಇಸ್ಪೀಟಿನ ಜಾದೂ ತೋರಿಸಿ ಕೈತಪ್ಪಿ ಎಲ್ಲ ಎಲೆ ಚೆಲ್ಲಿದರು. ಆಮೇಲೆ ಇಂಡಿಯಾದಿಂದ ಬಂದವನು ಎಂದು ನನ್ನ ಹೆಸರು ಕೂಗಿದರು.

ಕನ್ನಡಕ ಒರೆಸುವ ಅಯ್ಯನವರನ್ನು ಮಾಡಿದೆ. ಅವರನ್ನು ಕಂಡಿಲ್ಲದವರೂ ನಕ್ಕರು. ಶಿರಾ ಗೇಟಿನಲ್ಲಿ ಜನ ತುಂಬುವ ಕಂಡಕ್ಟರನ್ನು ಮಾಡಿದೆ. ಶೂಗಳನ್ನು ಕವರಿನಲ್ಲಿ ಸುತ್ತುವ ಸುಗುಣಾ ಟೀಚರನ್ನು ಮಾಡಿದೆ. ಟೀಚರೇ ಕಣ್ಣು ಒರೆಸಿಕೊಂಡರು. ಕೆಟಲ್ಲು ಎತ್ತುತ್ತಾ ಎಲ್ಲರಿಗೂ ಅಪ್ಪಣೆ ಕೊಡುವ ಮೊಯ್ರಾರನ್ನು ಮಾಡಿದಾಗ ಆ ಕಲ್ಲಿನ ಗೋಡೆಯೇ ನಕ್ಕಂತಾಯಿತು. ಅಲ್ಲಿಗೆ ನಿಲ್ಲಿಸಿ ನಮಸ್ಕಾರ ಹಾಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಇನ್ನೊಂದು ಎಂದು ಯಾರೋ ಕೂಗಿದರು. ಕಲಾವಿದನಿಗೆ ಆ ಮಾತು ಹೆಂಡವಿದ್ದಂತೆ. ಇನ್ನು ಯಾರನ್ನು ಮಾಡಲಿ ಎಂದು ಕಣ್ಣು ಹಾಯಿಸಿದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಹಳದಿ ಲೇಸು.

ಅವನು ಶನಿವಾರ ಬಂದದ್ದು ಅದೇ ಮೊದಲಂತೆ. ಇದು ನನಗೆ ಆಮೇಲೆ ಗೊತ್ತಾಯಿತು.

ರಬ್ಬರ್ ಬೂಟು ಕಿತ್ತೆಸೆದೆ. ಕೋಟಿನ ಗುಂಡಿ ಕತ್ತಿನವರೆಗೂ ಹಾಕಿದೆ. ಬಲಗಾಲನ್ನು ಎಳೆಯುತ್ತಾ ನಾಲ್ಕು ಹೆಜ್ಜೆ ನಡೆದು, ಸಾಲಿನಲ್ಲಿ ಶೂ ಕಂಡವನಂತೆ ಅತ್ತಿತ್ತ ನೋಡಿ, ಗಬಕ್ಕನೆ ಕಾಲಿಗೇರಿಸಿ, ಕುರ್ಚಿಯ ತುದಿಯಲ್ಲಿ ಕೂತು ಇಲ್ಲದ ಬಟ್ಟಲಿನಿಂದ ಸೂಪು ಹೀರಿದೆ. ಮುಂದಿನ ಸಾಲಿನ ಒಂದಿಬ್ಬರು ನಕ್ಕರು. ಆಮೇಲೆ ಅವರೂ ನಿಲ್ಲಿಸಿದರು.

ನಮ್ಮ ಶಾಮಿಯಾನದ ಸ್ಟೇಜುಗಳಲ್ಲಿ ಒಂದು ನಿಯಮವಿದೆ: ನಗು ನಿಂತಿತೆಂದರೆ ಹಿಂದಿನ ಸಾಲಿಗೆ ಕಾಣಿಸಿಲ್ಲ ಎಂದರ್ಥ, ಇನ್ನೊಂದು ಸಲ ದೊಡ್ಡದಾಗಿ ಮಾಡು. ಪಕ್ಕದಲ್ಲಿ ಜನರೇಟರು, ಹಿಂದೆ ಗೋಬಿ ಗಾಡಿ, ರಸ್ತೆಯಲ್ಲಿ ಲಾರಿ. ಅಲ್ಲಿ ಆ ನಿಯಮ ಸರಿ. ಆ ಚರ್ಚಿನಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ನಾನು ಇನ್ನೊಂದು ಸಲ ಮಾಡಿದೆ. ದೊಡ್ಡದಾಗಿ.

ಡೂಗಿ ಬಗ್ಗಿ ಲೇಸು ಬಿಚ್ಚಿದ. ಅವಸರವಿರಲಿಲ್ಲ. ಎರಡೂ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಎದ್ದು ಹೊರಗೆ ಹೋದ. ಮಂಟಪದ ಹಲಗೆಯ ಮೇಲೆ ಅವನು ಅವನ್ನು ಇಟ್ಟ ಸದ್ದು ಒಳಗೆ ಎಲ್ಲರಿಗೂ ಕೇಳಿಸಿತು. ಬಾಗಿಲ ಗಾಜಿನಿಂದ ನೋಡಿದರೆ ಒದ್ದೆ ಬೀದಿಯಲ್ಲಿ ಕಾಲುಚೀಲದಲ್ಲಿ ನಡೆದು ಹೋಗುತ್ತಿದ್ದ.

ಯಾರೂ ನನ್ನನ್ನು ಬೈಯಲಿಲ್ಲ. ಪೋಸ್ಟ್‌ಮನ್ನು ಪಿಟೀಲು ಎತ್ತಿಕೊಂಡು ಏನೋ ಬಾರಿಸತೊಡಗಿದ. ಬೈದಿದ್ದರೆ ಚೆನ್ನಾಗಿತ್ತು. ನಮ್ಮೂರಿನಲ್ಲಾದರೆ ಯಾರಾದರೂ ಹಿರಿಯರು ಏನ್ಲಾ ಬೇವರ್ಸಿ ಎಂದು ಕಪಾಳಕ್ಕೊಂದು ಕೊಟ್ಟು ನನ್ನನ್ನು ಉಳಿಸುತ್ತಿದ್ದರು.

ಭಾನುವಾರ

ಬೆಳಗಿನ ಆರಾಧನೆಗೆ ಒಂಬತ್ತೇ ಜನ. ನನಗೆ ತಲೆ ಎತ್ತಲಾಗಲಿಲ್ಲ. ಶೂ ಹಲಗೆಯ ಮೇಲೆ ಇಟ್ಟಲ್ಲೇ ಇತ್ತು. ಉಳಿದ ವಸ್ತುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನಾನಂತೂ ಅದರ ಹತ್ತಿರವೂ ಸುಳಿಯಲಿಲ್ಲ. ಮೂರು ದಿನ ಅದಕ್ಕಾಗಿ ಕುದಿದವನಿಗೆ ಈಗ ಅದು ಬಿಟ್ಟಿ ಸಿಕ್ಕಿತ್ತು, ಕಾಲು ಮಾತ್ರ ಏಳಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಮೊಯ್ರಾರ ಬಳಿ ಹೋಗಿ, ಅವನ ಮನೆ ತೋರಿಸಿ, ಹೋಗಿ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ ಎಂದೆ. ನಿಜವಾಗಿಯೂ ಬೀಳುವವನಿದ್ದೆ. ಅವರು ಹಾಡಿನ ಪುಸ್ತಕಗಳನ್ನು ಜೋಡಿಸುತ್ತಾ, ಅವನ ಮನೆ ಯಾವುದೆಂದು ನಾವು ಯಾರೂ ಕೇಳಿಲ್ಲ ಎಂದರು. ಹುಡುಕುತ್ತೇನೆ ಎಂದೆ.

“ಬೇಡ,” ಎಂದರು ಮೊಯ್ರಾ. “ನೀನು ಹೋದ್ರೆ ನಿನ್ ಭಾರ ಇಳೀತದೆ, ಅವನ್ದು ಏರ್ತದೆ. ನಿನ್ದು ನೀನೇ ಹೊತ್ಕೊಂಡಿರು ಶುಕ್ರವಾರದ ಗಂಟ. ಬಂದ್ರೆ ಬಂದ.”

ಬಾರದಿದ್ದರೆ ಎಂದು ನಾನು ಕೇಳಲಿಲ್ಲ. ಅವರ ಮೊರದಂಥ ಕೈ ಒಂದೇ ಪುಸ್ತಕವನ್ನು ಮೂರು ಸಲ ಜೋಡಿಸಿದ್ದನ್ನು ನೋಡಿದ್ದೆ. ಒಂದಿಡೀ ಚಳಿಗಾಲ ಅವರು ಬಟ್ಟಲು ಹಿಡಿದು ಮಂಟಪಕ್ಕೆ ಓಡಾಡಿ ಒಬ್ಬನನ್ನು ಹತ್ತು ಅಡಿ ಒಳಗೆ ತಂದಿದ್ದರು. ಅವನನ್ನು ಎರಡು ನಿಮಿಷದಲ್ಲಿ ಬೀದಿಗೆ ಅಟ್ಟಿದವನು ನಾನು.

ಮಧ್ಯಾಹ್ನ ಸಮುದ್ರದ ಕಟ್ಟೆಯ ಮೇಲೆ ಟೀಚರ್ ಜೊತೆ ಕೂತಿದ್ದೆ. ನಮ್ಮ ಮನೆಯಲ್ಲೊಂದು ಕಥೆಯಿದೆ. ನಮ್ಮ ತಾತ ಕುಣಿಗಲ್ಲಿನಲ್ಲಿ ಮೊದಲು ಚರ್ಚಿಗೆ ಹೋಗತೊಡಗಿದಾಗ ಒಂದು ವರ್ಷ ಒಳಗೆ ಕಾಲಿಡಲಿಲ್ಲವಂತೆ. ಹೊರಗೆ ಚಪ್ಪಲಿ ಬಿಡುವ ಜಾಗದಲ್ಲೇ ಕೂತು ಹಾಡು ಕೇಳಿ ಎದ್ದು ಬರುತ್ತಿದ್ದನಂತೆ. ಯಾರೂ ಅವನನ್ನು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಂದು ದಿನ ತಾನಾಗಿಯೇ ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತನಂತೆ. ಆ ಸಾಲಿನಿಂದಲೇ ನಾವೆಲ್ಲ. ಮನೆಯಲ್ಲಿ ಯಾರಾದರೂ ನೆಂಟರು ಬಂದಾಗ, ಚಪ್ಪಲಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹಾಡಿಗೆ ತಲೆಯಾಡಿಸುವ ತಾತನನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಪ್ಪ ಮಾತ್ರ ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಯಾಕೆಂದು ನಾನು ಇಷ್ಟು ವರ್ಷ ಯೋಚಿಸಿರಲಿಲ್ಲ.

ಇದನ್ನು ಟೀಚರಿಗೆ ಹೇಳಿದೆ. ಅವರು ಸ್ವೆಟರಿನ ತೋಳು ಎಳೆದುಕೊಂಡರು. ಆಮೇಲೆ, ನಮ್ಮ ಹಾಲ್ ಕೇಳಲು ಬಂದ ಬೀದಿ ಹುಡುಗರನ್ನು ನಾವು ಗೇಟಿನ ಹೊರಗೇ ನಿಲ್ಲಿಸಿ ಮಾತಾಡಿದ್ದೆವು, ಬಿಸಿಲಿತ್ತು, ನೀರು ಕೂಡ ಕೊಡಲಿಲ್ಲ ಎಂದರು. ಯಾರನ್ನೂ ಉದ್ದೇಶಿಸಿ ಹೇಳಿದಂತಿರಲಿಲ್ಲ. ಸಂಜೆ ನೋಡಿದರೆ ಅವರ ಗುಬ್ಬಿಯ ನೇರಳೆ ಸ್ವೆಟರು ಚರ್ಚಿನ ಹಲಗೆಯ ಮೇಲೆ ಮಡಿಸಿಟ್ಟಿತ್ತು. ಕವರು ಮಾತ್ರ ವಾಪಸ್ ತಂದಿದ್ದರು.

ಮತ್ತೆ ಶುಕ್ರವಾರ

ನಡುವಿನ ದಿನಗಳಲ್ಲಿ ನಾನು ಯಾರನ್ನೂ ಅಣಕಿಸಲಿಲ್ಲ. ಟೀಚರಿಗೆ ಗಾಬರಿಯಾಗಿ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು. ರಬ್ಬರ್ ಬೂಟಿನಲ್ಲಿ ಪಚಕ್ ಪಚಕ್ ಎಂದು ಓಡಾಡುತ್ತಾ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿದೆ. ದುಃಖದ ದನಿಯಲ್ಲಿ ಒಮ್ಮೆ, ಗಂಭೀರವಾಗಿ ಒಮ್ಮೆ, ಅವರೂರಿನ ರಾಗದಲ್ಲಿ ಒಮ್ಮೆ. ಪ್ರತಿ ಸಲವೂ ಯಾರನ್ನೋ ಅನುಕರಿಸಿದಂತೆ ಕೇಳುತ್ತಿತ್ತು. ನನ್ನದೇ ದನಿ ಯಾವುದೆಂದು ಹುಡುಕಿದರೆ ಸಿಗಲಿಲ್ಲ.

ನಾವು ಹೊರಡುವ ಹಿಂದಿನ ದಿನ ಅದು. ಮೊಯ್ರಾ ನನ್ನನ್ನು ಹಿಂದಿನ ತೊಟ್ಟಿಯಲ್ಲಿ ಪಾತ್ರೆ ತೊಳೆಯಲು ಹಾಕಿದರು, ಬಾಗಿಲಿಗೆ ಕಾಣದಂತೆ. ಹನ್ನೆರಡೂವರೆಗೆ ಮೇಜುಗಳು ತುಂಬಿದವು. ಬಾಗಿಲ ಪಕ್ಕದ ಕುರ್ಚಿ ಖಾಲಿ. ಯಾರೂ ಅದರಲ್ಲಿ ಕೂರಲಿಲ್ಲ, ಅದರ ಕಡೆ ನೋಡಲೂ ಇಲ್ಲ. ನಾಯಿಯ ಪದ್ಯದಾಕೆ ಮಾತ್ರ ತನ್ನ ನಾಯಿ ಅದರ ಮೇಲೆ ಹತ್ತಲು ಹೋದಾಗ ಎಳೆದುಕೊಂಡಳು. ಒಂದು ಗಂಟೆಯಾಯಿತು. ಒಂದೂಕಾಲಾಯಿತು. ಮೊಯ್ರಾ ಒಂದು ಬಟ್ಟಲು ಸೂಪು ತುಂಬಿ ಆ ಖಾಲಿ ಜಾಗದ ಮುಂದೆ ಇಟ್ಟು ಬಂದರು, ಯಾರೋ ಈಗಷ್ಟೇ ಕೈ ತೊಳೆಯಲು ಎದ್ದುಹೋದ ಹಾಗೆ.

ಸಿಪ್ಪೆಯ ಬಕೆಟ್ಟು ತುಂಬಿತ್ತು. ಅದನ್ನು ಸುರಿಯಲು ಹಿಂಬಾಗಿಲಿನಿಂದ ಹೊರಟು ಸುತ್ತು ಹಾಕಿ ಮುಂದಕ್ಕೆ ಬಂದೆ. ಬೇಕೆಂದೇ ಬಂದೆನೇ ಎಂದರೆ ನನಗೆ ಗೊತ್ತಿಲ್ಲ. ಮಂಟಪದಲ್ಲಿ ಡೂಗಿ ನಿಂತಿದ್ದ. ಕಾಲಲ್ಲಿ ಬಾಯಿಬಿಟ್ಟ ಬಟ್ಟೆಯ ಶೂ, ನೀರು ಕುಡಿದು ಕಪ್ಪಾಗಿತ್ತು. ಹಲಗೆಯ ಮೇಲಿನ ಹಳದಿ ಲೇಸಿನ ಕಡೆ ನೋಡುತ್ತಿದ್ದ. ನನ್ನನ್ನು ಕಂಡ. ಹೋಗಿಬಿಡುತ್ತಾನೆ ಎಂದುಕೊಂಡೆ. ಬಕೆಟ್ಟು ಹಿಡಿದುಕೊಂಡೇ ಗೋಡೆಗೆ ಅಂಟಿ ನಿಂತೆ.

ಅವನು ಹಲಗೆಯಿಂದ ಶೂ ಎತ್ತಿಕೊಂಡು ಕಲ್ಲಿನ ಜಗಲಿಯ ಮೇಲೆ ಕೂತ. ಹಳೆಯದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಇದನ್ನು ಹಾಕಿಕೊಂಡು, ಒಂದೊಂದೇ ಲೇಸು ಎಳೆದು ಗಂಟು ಹಾಕಿದ. ಎರಡೆರಡು ಸುತ್ತಿನ ಗಂಟು, ದೋಣಿಯವರದು. ಅಷ್ಟು ಹೊತ್ತಿಗೆ ನನಗೆ ಧೈರ್ಯ ಬಂದಿತ್ತೋ ಬುದ್ಧಿ ಹೋಗಿತ್ತೋ, ಬಕೆಟ್ಟು ಕೆಳಗಿಟ್ಟು ಅವನ ಮುಂದೆ ಹೋಗಿ ನಿಂತು ಬಾಯಿಪಾಠ ಶುರುಮಾಡಿದೆ. ನಾನು ಇಂಡಿಯಾದಿಂದ ಬಂದವನು, ನಮ್ಮ ಕಡೆ ಶೂ ಹೊರಗೆ ಬಿಡುವುದು ಪದ್ಧತಿ, ಅವತ್ತು ನಾನು ಮಾಡಿದ್ದು ಕ್ಷಮೆಗೂ ಯೋಗ್ಯವಲ್ಲ, ಕಲೆ ಎಂಬುದು ಯಾರನ್ನೂ ನೋಯಿಸಬಾರದು ಎಂದು ನನಗೆ ಈಗ... ಅಷ್ಟರಲ್ಲಿ ಅವನು ಎದ್ದು ನಿಂತ. ಒಳಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ನಿಂತಿದ್ದವನು ನಾನೇ.

ನನ್ನನ್ನು ತಲೆಯಿಂದ ರಬ್ಬರ್ ಬೂಟಿನವರೆಗೆ ಒಮ್ಮೆ ನಿಧಾನವಾಗಿ ನೋಡಿದ. ನಾನು ಅವನನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲ. ಆಮೇಲೆ ಹೇಳಿದ:

“ಕುಂಟೋದು ಎಡಗಾಲು ಕಣಯ್ಯ. ನೀನು ಬಲಗಾಲು ಎಳೆದೆ. ದಾರಿ ಬುಡು, ಸೂಪು ಆರೋಯ್ತದೆ.”